ಶೆಟ್ಟರ ದೋಣಿಗೆ ನೀರು ತುಂಬಿಸಿದ ದಿನ

ಮಂಗಳೂರು ಬಂದರಿನ ಹತ್ತಿರದ ಒಂದು ಖಾಸಗಿ ಕಂಪನಿಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದು ನಿವೃತ್ತಳಾದ ಮರುವರ್ಷವೇ, ನೇತ್ರಾವತಿ ದಡದ ಸೈಲಿಂಗ್ ಕ್ಲಬ್ಬೊಂದರ ಸುರಕ್ಷತೆಯ ಉಸ್ತುವಾರಿ ನನ್ನ ಹೆಗಲಿಗೆ ಬಿತ್ತು. ಎಂಜಿನ್ ಇಲ್ಲದ ಸಣ್ಣ ಹಾಯಿದೋಣಿಗಳನ್ನು ಹವ್ಯಾಸಕ್ಕೆ, ಸ್ಪರ್ಧೆಗೆ ಓಡಿಸುವವರ ಕೂಟ ಅದು. ನಾನು ಉಳ್ಳಾಲದ ಮೀನುಗಾರರ ಮನೆಯವಳು. ಮೀನು ತರದ ದೋಣಿಗೆ ಇಷ್ಟೊಂದು ಉಪಚಾರ ಯಾಕೆ ಎಂದು ನನ್ನ ಅಣ್ಣ ಈಗಲೂ ಕೇಳುತ್ತಾನೆ. ನಾನೀಗ ಹೇಳಹೊರಟಿರುವುದು ಇತ್ತೀಚಿನ ಒಂದು ಮೇ ತಿಂಗಳ ಕಥೆ. ಮುಂಗಾರಿಗೆ ಇನ್ನೂ ಕೆಲವು ವಾರ ಇತ್ತು.

ಅರಬ್ಬಿ ಸಮುದ್ರದಲ್ಲಿ ಎದ್ದ ಚಂಡಮಾರುತ ಕರಾವಳಿಯ ಪಕ್ಕದಲ್ಲೇ ಉತ್ತರಕ್ಕೆ ಸಾಗುತ್ತದೆ ಎಂದು ಹವಾಮಾನ ಇಲಾಖೆ ಹೇಳಿತು. ಮೊದಲು ಆರೆಂಜ್ ಅಲರ್ಟ್, ಅಂದರೆ ಸಿದ್ಧರಾಗಿರಿ ಎಂದು. ಮರುದಿನ ಅದು ರೆಡ್ ಆಯಿತು, ಅಂದರೆ ಸಿದ್ಧತೆಯ ಹೊತ್ತು ಮುಗಿಯುತ್ತಾ ಬಂತು ಎಂದು. ನಾನು ಎಲ್ಲ ಸದಸ್ಯರಿಗೂ ಫೋನ್ ಮಾಡಿ, ಬೆಳಿಗ್ಗೆಯೇ ಕ್ಲಬ್ಬಿಗೆ ಬಂದು ಅವರವರ ದೋಣಿ ಭದ್ರ ಮಾಡಿಕೊಳ್ಳಲು ಹೇಳಿದೆ.

ಸದಸ್ಯರು ಒಬ್ಬರೂ ತಪ್ಪಿಸಲಿಲ್ಲ, ಎಲ್ಲರೂ ಬಂದರು. ಬರುವಾಗ ಕಂಕನಾಡಿಯ ಅಂಗಡಿಗಳಲ್ಲಿದ್ದ ನೀಲಿ ಟರ್ಪಾಲನ್ನೆಲ್ಲ ಹೊತ್ತು ತಂದಿದ್ದರು. ನಾನು ಆಫೀಸಿನಿಂದ ಅಂಗಳಕ್ಕೆ ಇಳಿಯುವಷ್ಟರಲ್ಲಿ ಸಾಲಾಗಿ ನಿಂತ ದೋಣಿಗಳಿಗೆಲ್ಲ ಟರ್ಪಾಲು ಹೊದಿಸಿ, ಸುತ್ತ ಹಗ್ಗ ಬಿಗಿದು, ಬೆವರು ಒರೆಸಿಕೊಂಡು ನಿಂತಿದ್ದರು. ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಒಬ್ಬರಂತೂ ದೋಣಿಯ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಮಂಗಳೂರಿನವರು ಮಾತ್ರ ಮಾಡಬಹುದಾದ ತಪ್ಪು ಅದು. ಮಳೆ ನಮಗೆ ವರ್ಷ ವರ್ಷವೂ ಬಂದು ತಿಂಗಳುಗಟ್ಟಲೆ ಉಳಿಯುವ ನೆಂಟ. ಅವನ ಗುಣ, ಅವಗುಣ ಎಲ್ಲ ನಮಗೆ ಗೊತ್ತು. ಮೇ ತಿಂಗಳು ಬಂತೆಂದರೆ ಸೌದೆಗೆ ಹೊದಿಕೆ, ಸ್ಕೂಟರಿಗೆ ಹೊದಿಕೆ, ಅಂಗಳಕ್ಕೆ ಶೀಟು. ಆದರೆ ಬರುತ್ತಿದ್ದದ್ದು ಮಳೆಯೊಂದೇ ಅಲ್ಲ, ಅದರೊಂದಿಗೆ ಗಾಳಿ. ಬಿಗಿದ ಟರ್ಪಾಲಿನ ಅಡಿಗೆ ಗಾಳಿ ನುಗ್ಗಿದರೆ ಟರ್ಪಾಲೇ ಹಾಯಿ ಆಗುತ್ತದೆ, ದೋಣಿ ನೆಲದ ಮೇಲೆಯೇ ಸೈಲಿಂಗ್ ಹೊರಡುತ್ತದೆ. ಕ್ಲಬ್ಬಿನ ಬೇಲಿಯಾಚೆ ಜನ ವಾಸವಿರುವ ಹೆಂಚಿನ ಮನೆಗಳಿವೆ.

"ಟರ್ಪಾಲು ಎಲ್ಲ ತೆಗೀರಿ," ಎಂದೆ.

ಫೋಟೊ ತೆಗೆಸಿಕೊಳ್ಳುತ್ತಿದ್ದವರ ಮುಖ ಸಪ್ಪಗಾಯಿತು. ಸದಸ್ಯರೆಲ್ಲ ಓದಿದವರು, ಕಾರಣ ಹೇಳಿದರೆ ಅರ್ಥ ಮಾಡಿಕೊಳ್ಳುವವರು. ಗೊಣಗುತ್ತಲೇ ಹಗ್ಗ ಬಿಚ್ಚಿದರು. ಹಾಯಿಗಳನ್ನು ಮಡಚಿ ಕ್ಲಬ್ಬಿನ ಶೆಡ್ಡಿನೊಳಗಿಟ್ಟೆವು. ಮಾಸ್ಟ್ ಅಂದರೆ ಹಾಯಿ ಕಟ್ಟುವ ಕಂಬ. ಅವನ್ನೆಲ್ಲ ಕಳಚಿ ನೆಲದ ಮೇಲೆ ಮಲಗಿಸಿದೆವು. ದೋಣಿಗಳನ್ನು ಚಕ್ರದ ಟ್ರಾಲಿಯಿಂದ ಇಳಿಸಿ, ಮರಗಳಿಂದ ದೂರ, ಮರಳಿನ ಮೇಲೆ ಕೂರಿಸಿದೆವು. ನೆಲದಲ್ಲಿ ಹೂತಿದ್ದ ಕಾಂಕ್ರೀಟ್ ದಿಮ್ಮಿಗಳಿಗೆ ಕಬ್ಬಿಣದ ಬಳೆಗಳಿದ್ದವು, ಅವಕ್ಕೆ ದಪ್ಪ ಹಗ್ಗದಿಂದ ಬಿಗಿದೆವು. ಕೊನೆಯದಾಗಿ ನಾನು ಹೊಳೆಯ ಪಂಪಿನಿಂದ ನೀರಿನ ಪೈಪು ಎಳೆದುಕೊಂಡು ಬಂದೆ.

"ಅದು ಎಂತಕ್ಕೆ?" ಎಂದು ಕ್ಲಬ್ಬಿನ ಕಾರ್ಯದರ್ಶಿ ಕೇಳಿದರು.

"ದೋಣಿಗೆ ನೀರು ತುಂಬಿಸ್ಲಿಕ್ಕೆ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಸಣ್ಣ ದೋಣಿ ಹಗುರ, ಅದನ್ನು ಓಡಿಸುವ ಸುಖ ಇರುವುದೇ ಅದರಲ್ಲಿ. ಬಿರುಗಾಳಿಯಲ್ಲಿ ಆ ಹಗುರವೇ ಅದಕ್ಕೆ ಮುಳುವು. ಮರಳಿನ ಮೇಲೆ ಸಮನಾಗಿ ಕೂತ ದೋಣಿಗೆ ಒಳಗಿನ ಸೀಟಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿನವರೆಗೆ ನೀರು ಹಾಕಿದರೆ, ಆ ಭಾರವನ್ನು ಎತ್ತುವುದು ಗಾಳಿಗೂ ಸುಲಭವಲ್ಲ. ಇದನ್ನು ವಿವರಿಸಿದ ಮೇಲೆ ಒಬ್ಬೊಬ್ಬರಾಗಿ ಪೈಪು ಹಿಡಿದರು. ಮಧ್ಯಾಹ್ನದೊಳಗೆ ಎಲ್ಲ ದೋಣಿಗಳೂ ಭಾರವಾದವು, ಒಂದನ್ನು ಬಿಟ್ಟು.

ಆ ಒಂದು ಜಗನ್ನಾಥ ಶೆಟ್ಟರದು. ಶೆಟ್ಟರು ಗಲ್ಫಿನ ಬೋಟ್‌ಯಾರ್ಡ್ ಒಂದರಲ್ಲಿ ಬಹಳ ವರ್ಷ ದುಡಿದು, ಊರಿಗೆ ಬಂದು ಕಾವೂರಿನಲ್ಲಿ ಮನೆ ಮಾಡಿದವರು. ಆ ಮನೆಯ ಅಂಗಳದಲ್ಲಿ, ತಮ್ಮ ಕೈಯಿಂದಲೇ, ಒಂದೊಂದು ಹಲಗೆಯನ್ನೂ ಬಾಗಿಸಿ ಕಟ್ಟಿದ ಮರದ ಹಾಯಿದೋಣಿ ಅದು. ಹಿಂದಿನ ದೀಪಾವಳಿಗಷ್ಟೇ ತೆಂಗಿನಕಾಯಿ ಒಡೆದು ನೀರಿಗೆ ಇಳಿಸಿದ್ದರು. ಉಳಿದವರದೆಲ್ಲ ಫೈಬರ್. ಹೋದರೆ ಇನ್ನೊಂದು ತರಬಹುದು. ಶೆಟ್ಟರ ದೋಣಿಗೆ ಇನ್ನೊಂದು ಇರಲಿಲ್ಲ, ಅಂಥದ್ದನ್ನು ಮತ್ತೆ ಕಟ್ಟುವ ವಯಸ್ಸೂ ಅವರಿಗಿರಲಿಲ್ಲ.

ಟರ್ಪಾಲು ತೆಗೆಯಲು ಒಪ್ಪಿದರು, ಮಾಸ್ಟ್ ಇಳಿಸಿದರು, ಹಗ್ಗ ನನಗಿಂತ ಚೆನ್ನಾಗಿ ಕಟ್ಟಿದರು. ಪೈಪು ಕಂಡದ್ದೇ ಅಡ್ಡ ನಿಂತರು.

"ಮೇಡಂ, ಇದರೊಳಗೆ ಒಂದು ಹನಿ ನೀರು ಬರಬಾರದು ಅಂತ ನಾನು ವರ್ಷಗಟ್ಟಲೆ ಕೂತು ಕಟ್ಟಿದ್ದು. ನೀವು ಪೈಪು ಹಿಡ್ಕೊಂಡು ಬರ್ತೀರಿ."

"ಶೆಟ್ರೇ, ನೀರು ಆಮೇಲೆ ತೆಗೀಬಹುದು. ದೋಣಿ ಹಾರಿದ್ರೆ ಎಂತ ಮಾಡ್ತೀರಿ?"

"ಭಾರ ಅಲ್ವಾ ಬೇಕಾದ್ದು? ನಾನೇ ಕೂತ್ಕೊಳ್ತೇನೆ."

ತಮಾಷೆ ಎಂದುಕೊಂಡೆ. ಆದರೆ ಅವರು ರೈನ್‌ಕೋಟ್ ಹಾಕಿಕೊಂಡು, ನೀರಿನ ಬಾಟಲಿ, ಒಂದು ಪ್ಯಾಕೆಟ್ ಬಿಸ್ಕತ್ತು ಹಿಡಿದು ದೋಣಿ ಹತ್ತಿ ನಡುವಿನ ಹಲಗೆಯ ಮೇಲೆ ಕೂತೇಬಿಟ್ಟರು. ಗಾಳಿ ನಿಲ್ಲುವವರೆಗೆ ಇಳಿಯುವುದಿಲ್ಲವಂತೆ. ಗೇಟು ಹಾಕಿಕೊಂಡು ನೀವೆಲ್ಲ ಹೋಗಿ ಎಂದರು.

ಸುರಕ್ಷತೆಯ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠವೇ ದೋಣಿಗಿಂತ ಜೀವ ದೊಡ್ಡದು ಎನ್ನುವುದು. ಬಿರುಗಾಳಿಯಲ್ಲಿ ದೋಣಿ ಕಾಯಲು ದೋಣಿಯೊಳಗೇ ಉಳಿದವರ ಕಥೆಗಳನ್ನು ನಮ್ಮ ಉಳ್ಳಾಲದ ಮನೆಯಲ್ಲಿ ಯಾರೂ ದೊಡ್ಡ ದನಿಯಲ್ಲಿ ಹೇಳುತ್ತಿರಲಿಲ್ಲ. ಶೆಟ್ಟರಿಗೆ ನಿಯಮ ಹೇಳಿದೆ, ಗಾಳಿಯ ವೇಗ ಹೇಳಿದೆ, ಹಾರಿ ಬರುವ ವಸ್ತುಗಳ ವಿಷಯ ಹೇಳಿದೆ. ಕಾರ್ಯದರ್ಶಿ ಪೊಲೀಸರನ್ನು ಕರೆಸುತ್ತೇನೆ ಎಂದರು. "ಕರೀರಿ, ಅವರೂ ಹತ್ತಲಿ, ಭಾರ ಆಗ್ತದೆ," ಎಂದರು ಶೆಟ್ಟರು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು ನಮ್ಮ ಮಾತು. ಅತ್ತ ಉಳ್ಳಾಲದ ಕಡೆ ಆಕಾಶ ಕಪ್ಪಾಗುತ್ತಿತ್ತು, ತೆಂಗಿನ ತಲೆಗಳು ಒಂದೇ ದಿಕ್ಕಿಗೆ ವಾಲತೊಡಗಿದ್ದವು.

ಬಂದರಿನ ಕೆಲಸದಲ್ಲಿ ಹೆಲ್ಮೆಟ್ ಹಾಕದ ಕ್ರೇನ್ ಆಪರೇಟರುಗಳನ್ನು ನೋಡಿದ್ದೇನೆ. ಅಂಥವರಿಗೆ ಮ್ಯಾನೇಜರ್ ಹೇಳಿದರೂ ಕಿವಿಗೆ ಹೋಗುವುದಿಲ್ಲ. ಮನೆಯಿಂದ ಒಂದು ಮಾತು ಬಂದರೆ ಮರುದಿನ ಹೆಲ್ಮೆಟ್ ತಲೆಯ ಮೇಲಿರುತ್ತದೆ. ಶೆಟ್ಟರ ಮನೆಯ ನಂಬರು ನನ್ನ ಬಳಿ ಇತ್ತು. ಅವರ ಹೆಂಡತಿ ವಿನೋದಕ್ಕನಿಗೆ ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಬರ್ತೇನೆ," ಎಂದು ಫೋನ್ ಇಟ್ಟರು.

ಆಟೊದಿಂದ ಇಳಿದ ವಿನೋದಕ್ಕ ನಮ್ಮ ಯಾರ ಕಡೆಯೂ ನೋಡಲಿಲ್ಲ. ಮನೆಯಲ್ಲಿ ಉಡುವ ಸೀರೆ, ಕೈಯಲ್ಲಿ ದೊಡ್ಡ ಕರಿ ಕೊಡೆ. ನೇರ ದೋಣಿಯ ಹತ್ತಿರ ಹೋಗಿ, ಅಂಚು ಹಿಡಿದು, ಮಂಡಿ ನೋವಿನಲ್ಲೂ ಹತ್ತಿ, ಹಿಂದಿನ ಸೀಟಿನಲ್ಲಿ ಕೂತು ಕೊಡೆಯನ್ನು ಮಡಿಲಲ್ಲಿಟ್ಟುಕೊಂಡರು. ದೋಣಿ ಆ ಕಡೆ ಸ್ವಲ್ಪ ವಾಲಿತು. ಮುಂದಿನ ಮಾತು ತುಳುವಿನಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಹೇಳುತ್ತೇನೆ.

"ನೀನು ಎಂತಕ್ಕೆ ಬಂದದ್ದು?" ಎಂದರು ಶೆಟ್ಟರು.

"ಭಾರ ಬೇಕಂತಲ್ಲ. ನಾನು ನಿಮಗಿಂತ ಭಾರ ಉಂಟು."

"ಇಳಿ ಮಾರಾಯ್ತಿ, ಗಾಳಿ ಬರ್ತದೆ."

"ಬರಲಿ. ದೋಣಿ ಕಟ್ಟುವಾಗ ನೀವು ಅಂಗಳದಲ್ಲೇ ಇದ್ರಿ, ಊಟಕ್ಕೆ ಕರೆದ್ರೂ ಬರಲಿಲ್ಲ. ಆಗ ನಾನು ತಟ್ಟೆ ಅಲ್ಲಿಗೇ ತಂದೆ. ಈಗ ನಾನೇ ಇಲ್ಲಿಗೆ ಬಂದೆ. ನೀವು ಇಳಿದ್ರೆ ನಾನೂ ಇಳಿತೇನೆ."

ಶೆಟ್ಟರು ಹೆಂಡತಿಯನ್ನು ನೋಡಿದರು, ಆಕಾಶ ನೋಡಿದರು, ನನ್ನ ಕೈಯಲ್ಲಿದ್ದ ಪೈಪು ನೋಡಿದರು. ಕಾರ್ಯದರ್ಶಿ ಏನೋ ಹೇಳಲು ಬಾಯಿ ತೆರೆದರು, ನಾನು ಅವರ ತೋಳು ಹಿಡಿದು ಸುಮ್ಮನಾಗಿಸಿದೆ. ಕೊನೆಗೆ ಶೆಟ್ಟರು ಎದ್ದು ಇಳಿದರು, ವಿನೋದಕ್ಕನಿಗೆ ಕೈಕೊಟ್ಟು ಇಳಿಸಿದರು.

"ಹೊಳೆಯ ಉಪ್ಪುನೀರು ಬೇಡ ಮೇಡಂ," ಎಂದರು. "ಬಾವಿ ನೀರು ಹಾಕುವ."

ಪೈಪನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾವಿಯ ಪಂಪಿಗೆ ಸಿಕ್ಕಿಸಿ, ತಾವೇ ನೀರು ಬಿಟ್ಟರು. ಮಗುವಿಗೆ ಕಹಿ ಔಷಧ ಕುಡಿಸುವವರ ಮುಖ ಅದು. ನನಗೆ ಪಾಪ ಅನಿಸಿತು, ಆದರೂ ನೀರು ಸಾಕೆಂದು ಹೇಳಲಿಲ್ಲ. ನೀರು ಬೇಕಾದ ಮಟ್ಟಕ್ಕೆ ಬಂದ ಮೇಲೆ ಗೇಟು ಹಾಕಿ ಎಲ್ಲರೂ ಮನೆಗೆ ಹೊರಟೆವು. ಸಂಜೆಯಾಗುವಷ್ಟರಲ್ಲಿ ಗಾಳಿ ಶುರುವಾಯಿತು. ಬೆಳಗಾಗುವವರೆಗೂ ಅದು ಊರನ್ನು ಜಾಲಾಡಿತು.

ಮರುದಿನ ಬಿದ್ದ ಮರಗಳನ್ನು ದಾಟಿಕೊಂಡು ಕ್ಲಬ್ಬಿಗೆ ಬಂದೆ. ಶೆಡ್ಡಿನ ತಗಡಿನ ಮಾಡು ಅರ್ಧ ಹಾರಿಹೋಗಿತ್ತು. ಕ್ಲಬ್ಬಿನ ನಾಮಫಲಕ ಹೊಳೆಯಲ್ಲಿ ತೇಲುತ್ತಿತ್ತು. ಅಂಗಳಕ್ಕೆ ತಿರುಗುವಾಗ ನನ್ನ ಕಾಲು ನಿಧಾನವಾಯಿತು. ಆಮೇಲೆ ನೋಡಿದೆ. ದೋಣಿಗಳೆಲ್ಲ ಕೂರಿಸಿದಲ್ಲೇ ಇದ್ದವು, ತೆಂಗಿನ ಗರಿ, ಕೆಸರು, ಸೋಗೆ ತುಂಬಿಕೊಂಡು. ಬೇಲಿಯಾಚೆಯ ಮನೆಗಳ ಹೆಂಚು ಅಲ್ಲಲ್ಲಿ ಹಾರಿತ್ತು, ಆದರೆ ನಮ್ಮ ಒಂದು ದೋಣಿಯೂ ಅಲ್ಲಿಗೆ ಹೋಗಿರಲಿಲ್ಲ, ಮನೆಯವರೆಲ್ಲ ಕ್ಷೇಮವಾಗಿದ್ದರು. ಹೋದ ಜೀವ ಬಂದಂತಾಯಿತು. ಅಲ್ಲೇ ಮರಳಿನ ಮೇಲೆ ಕೂತು ಅಣ್ಣನಿಗೆ ಫೋನ್ ಮಾಡಿ, ಮೀನು ತರದ ದೋಣಿಗಳೆಲ್ಲ ಉಳಿದವು ಎಂದೆ.

ಶೆಟ್ಟರು ಮತ್ತು ವಿನೋದಕ್ಕ ಬಂದದ್ದು ಆಮೇಲೆ. ಮರದ ದೋಣಿಯೂ ಕದಲಿರಲಿಲ್ಲ. ಆದರೆ ಶೆಡ್ಡಿನ ಮಾಡಿನಿಂದ ಕಿತ್ತುಬಂದ ತಗಡಿನ ಶೀಟೊಂದು ಅದರ ಹಿಂದಿನ ಸೀಟಿಗೆ ಅಡ್ಡಲಾಗಿ ಕಚ್ಚಿಕೊಂಡು ನಿಂತಿತ್ತು. ದಪ್ಪ ಹಲಗೆ ಅರ್ಧದವರೆಗೆ ಸೀಳಿತ್ತು.

ಶೆಟ್ಟರು ಶೀಟನ್ನು ಮುಟ್ಟಲಿಲ್ಲ. ಸುಮ್ಮನೆ ನೋಡುತ್ತಾ ನಿಂತರು. ತಮ್ಮ ಜೀವಕ್ಕೆ ಏನಾದರೂ ಆಗಬಹುದು ಎನ್ನುವುದು ಅವರಿಗೆ ಹಿಂದಿನ ದಿನವೂ ಗೊತ್ತಿತ್ತು, ಅದಕ್ಕೆ ಅವರು ತಯಾರಾಗಿಯೇ ಕೂತಿದ್ದರು. ಇದಕ್ಕೆ ತಯಾರಾಗಿರಲಿಲ್ಲ.

"ಇಲ್ಲಿ ನೀನು ಕೂತಿದ್ದಿ," ಎಂದರು.

"ಎದ್ದು ಹೋದೆನಲ್ಲ," ಎಂದರು ವಿನೋದಕ್ಕ. "ಈಗ ನೀರು ತೆಗೀರಿ. ಹಲಗೆ ಬೂಸ್ಟು ಹಿಡೀತದೆ."

ಇಬ್ಬರೂ ಒಂದೊಂದು ಬಕೆಟ್ ಹಿಡಿದು ನೀರು ಎತ್ತಿ ಹೊರಗೆ ಹಾಕಿದರು. ಅಷ್ಟು ಹೊತ್ತೂ ಶೆಟ್ಟರು ಹೆಂಡತಿಯನ್ನು ದೋಣಿಯ ಹತ್ತಿರ ಮಾತ್ರ ಬಿಟ್ಟರು, ಒಳಗೆ ಹತ್ತಲು ಬಿಡಲಿಲ್ಲ.

ಗಾಳಿ ಬಂದಾಗ ತೂರಿಕೋ ಎನ್ನುತ್ತದೆ ನಮ್ಮ ಗಾದೆ. ನನ್ನ ಕೆಲಸ ಅದಕ್ಕೆ ತದ್ವಿರುದ್ಧ, ಗಾಳಿ ಬರುವ ಮೊದಲೇ ಕಟ್ಟಿಕೊಳ್ಳಬೇಕು. ಕಟ್ಟುವುದಕ್ಕೆ ಹಗ್ಗ, ದಿಮ್ಮಿ, ನೀರು ಎಲ್ಲ ಸಿಗುತ್ತದೆ. ಮನುಷ್ಯನ ಹಟವನ್ನು ಕಟ್ಟುವ ಹಗ್ಗ ಮಾತ್ರ ಕ್ಲಬ್ಬಿನಲ್ಲಿ ಸಿಗುವುದಿಲ್ಲ, ಅದು ಅವರವರ ಮನೆಯಲ್ಲೇ ಇರುತ್ತದೆ. ಹಾಗಾಗಿ ಈಗ ಹೊಸ ಸದಸ್ಯರು ಸೇರುವಾಗ ಈಜು ಬರ್ತದಾ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಯಾರು ಬೈದರೆ ನೀವು ಕೇಳ್ತೀರಿ? ಅವರ ನಂಬರ್ ಕೊಡಿ. ಕೆಲವರು ನಗುತ್ತಾರೆ, ಕೆಲವರು ಮುಖ ಗಂಟು ಹಾಕುತ್ತಾರೆ, ನಂಬರ್ ಮಾತ್ರ ಎಲ್ಲರೂ ಕೊಡುತ್ತಾರೆ.

ಶೆಟ್ಟರು ದೋಣಿಯನ್ನು ಪೂರ್ತಿ ರಿಪೇರಿ ಮಾಡಿದರು, ಹಿಂದಿನ ಸೀಟಿಗೆ ಹೊಸ ಹಲಗೆ ಹಾಕಿದರು. ಮರುವರ್ಷ ಮೇ ತಿಂಗಳಲ್ಲಿ ಮತ್ತೊಮ್ಮೆ ಆರೆಂಜ್ ಅಲರ್ಟ್ ಬಂತು. ನಾನು ಫೋನ್ ಮಾಡಲು ಕೂತಿದ್ದೆ, ಅಷ್ಟರಲ್ಲಿ ನನ್ನದೇ ಫೋನ್ ರಿಂಗಾಯಿತು.

"ಮೇಡಂ," ಎಂದರು ಶೆಟ್ಟರು, "ಆ ನೀರಿನ ಪೈಪು ಎಲ್ಲಿ ಇಟ್ಟಿದ್ದೀರಿ? ನಾನು ಗೇಟಿನ ಹತ್ತಿರ ಇದ್ದೇನೆ. ಒಬ್ಬನೇ ಬಂದದ್ದು, ಅವಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ."