ಉಳಿಸಿದ ಒಂದು ವರ್ಷ

ಮಗಳನ್ನು ಎರಡನೇ ಕ್ಲಾಸಿನಿಂದ ನೇರವಾಗಿ ನಾಲ್ಕನೆಯದಕ್ಕೆ ಹತ್ತಿಸಲು ನನಗೆ ಬಿದ್ದ ಖರ್ಚು ದಾವಣಗೆರೆಯಿಂದ ಹರಿಹರಕ್ಕೆ ಮೂರು ಸಲದ ಬಸ್ ಚಾರ್ಜು, ಅಷ್ಟೆ. ಶಾಲೆಯ ಸೆಕ್ರೆಟರಿಯ ಮನೆ ಅಲ್ಲಿತ್ತು. ಮೂರನೇ ಭೇಟಿಗೆ ಒಪ್ಪಿಸಿಬಿಟ್ಟೆ. ಎಪ್ಪತ್ತರ ದಶಕದ ಕೊನೆಯ ಮಾತು. ಬಟ್ಟೆ ಗಂಟು ಹೊತ್ತು ತಿರುಗಿ, ಆಮೇಲೆ ಅಂಗಡಿ ಇಟ್ಟವನು ನಾನು. ಒಂದು ವರ್ಷ ಉಳಿಯಿತೆಂದರೆ ಲಾಭವೆಂದೇ ತಿಳಿದಿದ್ದೆ.

ಅವಳ ಟೀಚರ್ ಬೇಡವೆಂದಿದ್ದರು. “ಹುಡುಗಿ ಬಾಳ ಚುರುಕೈತ್ರಿ ಸಾವ್ಕಾರ್ರೆ, ಆದ್ರೆ ಕ್ಲಾಸ್ ಜಿಗಿಸಬ್ಯಾಡ್ರಿ. ದಿನಾ ಅರ್ಧ ತಾಸು ಕೂತು ಅವಳು ಕೇಳಿದ್ದಕ್ಕೆ ಉತ್ತರ ಹೇಳ್ರಿ, ಸಾಕು.”

“ಅರ್ಧ ತಾಸು ಎಲ್ಲಿಂದ ತರ್ಲಿ? ಹತ್ತು ನಿಮಿಷ ಮಾಡ್ಕೊಳ್ರಿ,” ಎಂದೆ.

“ಇದೇನು ಸೀರೆ ರೇಟೇನ್ರಿ, ಚೌಕಾಸಿ ಮಾಡಾಕೆ?” ಎಂದು ನಕ್ಕರು.

ಹರಿಹರಕ್ಕೆ ಆ ಮೂರನೇ ಸಲ ಹೋದಾಗ ಮಗಳೂ ಜೊತೆಗಿದ್ದಳು. ಹೊಳೆ ಸೇತುವೆಯ ಮೇಲೆ ನಿಂತು ಕೆಳಗೆ ನೋಡುತ್ತ, “ಅಪ್ಪಾಜಿ, ನೀರು ಓಡ್ತೈತೋ, ನಾವೇ ಓಡ್ತಿದೀವೋ?” ಎಂದಳು. ಬಸ್ಸಿಗೆ ಹೊತ್ತಾಯಿತೆಂದು ಕೈ ಹಿಡಿದು ಎಳೆದುಕೊಂಡು ಬಂದೆ.

ನಾಲ್ಕನೇ ಕ್ಲಾಸಿನ ಬೆಂಚಿನಿಂದ ಅವಳ ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ಏನಾದರೂ ಕೇಳಿದರೆ ದೊಡ್ಡ ಮಕ್ಕಳು, “ಎದ್ಲು ನೋಡ್ರೋ ಪಂಡಿತಮ್ಮ!” ಎಂದು ನಗುತ್ತಿದ್ದರಂತೆ. ಅವಳು ಕೇಳುವುದನ್ನೇ ಬಿಟ್ಟಳು. ಮಾರ್ಕ್ಸ್ ಚೆನ್ನಾಗಿಯೇ ಬರುತ್ತಿದ್ದವು, ಹಾಗಾಗಿ ಅದು ನನಗೆ ತಿಳಿಯಲೇ ಇಲ್ಲ. ಮರುವರ್ಷ ಅವಳ ಜೊತೆ ಮತ್ತೆ ಹರಿಹರಕ್ಕೆ ಹೋದಾಗ ಅದೇ ಸೇತುವೆಯ ಮೇಲೆ ನಾನೇ ಅವಳ ಪ್ರಶ್ನೆ ನೆನಪಿಸಿದೆ.

“ಅದು ಪಾಠದಾಗೆ ಇಲ್ಲ ಅಪ್ಪಾಜಿ,” ಎಂದಳು, ನೀರಿನತ್ತ ನೋಡದೆ.

ನಿಮ್ಮ ಮಗು ಚುರುಕೆಂದು ಯಾರಾದರೂ ಹೇಳಿದರೆ ಸೆಕ್ರೆಟರಿ ಮನೆಗೆ ಓಡಬೇಡಿ. ಪಕ್ಕದಲ್ಲಿ ಕೂತು ಅದರ ಪ್ರಶ್ನೆಯನ್ನು ಪೂರ್ತಿ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳಿ, ಇಬ್ಬರೂ ಸೇರಿ ಹುಡುಕಿ. ಬಸ್ಸು ತಪ್ಪಿದರೆ ತಪ್ಪಲಿ. ಹರಿಹರದಿಂದ ದಾವಣಗೆರೆಗೆ ಬಸ್ಸಿಗೇನು ಬರವೇ?