ರುಕ್ಮಣಿ ಅತ್ತೆಯ ಪಾವು

ಕೊಯಮತ್ತೂರಿನ ಹತ್ತಿರದ ಸೂಲೂರಿನಾಚೆ, ಮಗ್ಗದ ಸದ್ದು ನಿಂತರೆ ತೊಟ್ಟಿಲ ಮಕ್ಕಳಿಗೆ ಎಚ್ಚರವಾಗುವಂಥ ಒಂದು ಬೀದಿಯಲ್ಲಿ ಸತ್ಯಾ ಬೆಳೆದಳು. ಬೆಳೆಸಿದವಳು ಸೋದರತ್ತೆ ರುಕ್ಮಣಿ. ತಾಯಿಯಿಲ್ಲದ ಹುಡುಗಿಯನ್ನು ಅವಳೂ ಅವಳ ಗಂಡ ಮಾರಿಮುತ್ತುವೂ ಎರಡು ಪವರ್‌ಲೂಮ್ ಓಡಿಸಿಕೊಂಡೇ ಕಂಪ್ಯೂಟರ್ ಡಿಪ್ಲೊಮಾದವರೆಗೆ ಓದಿಸಿದರು. ಮನೆಯೊಳಗೆ ಮಾತು ಕನ್ನಡ, ಓದುಬರಹ ಪೂರಾ ತಮಿಳು. ಕನ್ನಡ ಅಕ್ಷರ ಆ ಬೀದಿಯಲ್ಲಿ ಯಾರಿಗೂ ಬಾರದು.

ಓದು ಮುಗಿದ ಮೇಲೆ ಸತ್ಯಾ ಸೇರಿದ್ದು ಮಯಿಲ್‌ಸಾಮಿಯ ಆಫೀಸಿಗೆ. ಅವನು ಮನೆಮನೆಗೆ ನೂಲು ಕೊಟ್ಟು ಬಟ್ಟೆ ನೇಯಿಸುವ ಧಣಿ. ಹಾಸುನೂಲು ಸುತ್ತಿದ ದೊಡ್ಡ ಉರುಳೆಗೆ ಅಲ್ಲಿಯವರು ಪಾವು ಅನ್ನುತ್ತಾರೆ. ಪಾವು ಬಂದರೆ ಮಗ್ಗ ಓಡುತ್ತದೆ, ಒಲೆ ಉರಿಯುತ್ತದೆ. ಬಾರದಿದ್ದರೆ ಮಗ್ಗ ಬರೀ ಕಬ್ಬಿಣ. ರುಕ್ಮಣಿಯ ಮನೆಗೂ ಪಾವು ಬರುತ್ತಿದ್ದದ್ದು ಅವನಿಂದಲೇ. ನೇಯುವವರಿಗೆ ಫೋನು ಮಾಡಿ ಬಟ್ಟೆ ಯಾವಾಗ ಅಂತ ಕೇಳುವುದು, ಮುಂದಿನ ಪಾವು ಯಾರಿಗೆ ಅಂತ ಗೊತ್ತು ಮಾಡುವುದು ಸತ್ಯಾಳ ಕೆಲಸ. ಕರೆಂಟಿಲ್ಲ, ನೂಲು ಹರೀತು, ಸೊಂಟ ನೋವು ಅನ್ನುವ ನೆಪಗಳನ್ನು ದಿನವಿಡೀ ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು.

ಒಂದು ದಿನ ಮಯಿಲ್‌ಸಾಮಿ ಕೊಯಮತ್ತೂರಿನ ಯಾವುದೋ ಹೋಟೆಲಿನಲ್ಲಿ ಭಾಷಣ ಕೇಳಿ, ಗಡದ್ದಾಗಿ ಊಟ ಮಾಡಿ ಬಂದ. ಊಟ ಅರಗಿತು, ಭಾಷಣ ಅರಗಲಿಲ್ಲ. "ಅಮ್ಮಿಣಿ, ಎಐ ಏಜೆಂಟ್ ಅಂತ ಏನೋ ಇದೆಯಂತೆ. ತಾನೇ ಯೋಚನೆ ಮಾಡಿ ತಾನೇ ಕೆಲಸ ಮಾಡುತ್ತಂತೆ. ನಮಗೂ ಒಂದು ಮಾಡಿಕೊಡು," ಅಂದ ಸತ್ಯಾಳಿಗೆ ತಮಿಳಿನಲ್ಲಿ, ಟೀ ತರಿಸು ಅನ್ನುವ ಹಾಗೆ.

ಸತ್ಯಾ ಮಾಡಿದಳು. ವಿಡಿಯೋ ನೋಡಿ ಪೈಥಾನ್ ಹಾಕಿಕೊಂಡಳು, ಒಂದು ಫೋಲ್ಡರ್ ತೆರೆದಳು, ಎಐ ಕಂಪನಿಯವರು ಕೊಟ್ಟ ಕೀಯನ್ನು ತಪ್ಪು ಜಾಗದಲ್ಲಿ ಅಂಟಿಸಿ ಕೆಂಪು ಅಕ್ಷರಗಳ ಬೈಗುಳ ತಿಂದಳು. ಆಮೇಲೆ ಅದರ ಕೈಗೆ ಮೂರು ಕೆಲಸ ಕೊಟ್ಟಳು: ಬಾಕಿ ಬಟ್ಟೆಯ ಪಟ್ಟಿ ನೋಡುವುದು, ವಾಟ್ಸಾಪಿನಲ್ಲಿ ಕೇಳುವುದು, ಮತ್ತೆ ಮತ್ತೆ ಕೇಳಿದರೂ ಉತ್ತರ ಬಾರದಿದ್ದರೆ ಪಾವನ್ನು ಮುಂದಿನ ಮನೆಗೆ ಬರೆದು ವ್ಯಾನಿನವನಿಗೆ ತಿಳಿಸುವುದು. ಯಾವಾಗ ಯಾವುದನ್ನು ಮಾಡಬೇಕೆಂದು ಅದೇ ತೀರ್ಮಾನಿಸಬೇಕು. ಮೊದಲ ಸಲ ಅದು ತಾನಾಗಿ ಪಟ್ಟಿ ನೋಡಿ, ಸರಿಯಾದ ಮನೆಗೆ ಸರಿಯಾದ ಮಾತು ಕಳಿಸಿದಾಗ ಸತ್ಯಾಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೂ ಹೆದರಿಕೆಯಿತ್ತು. ಪಾವು ಬೇರೆಯವರಿಗೆ ಬರೆಯುವ ಮುಂಚೆ ಅದು ನಿಂತು ತನ್ನನ್ನು ಕೇಳಬೇಕು, ತಾನು ಸರಿ ಅಂದರೆ ಮಾತ್ರ ಮುಂದೆ ಹೋಗಬೇಕು ಅಂತ ಒಂದು ತಡೆ ಇಟ್ಟಳು.

ಆ ವಾರವೇ ಮಾರಿಮುತ್ತು ಮಗ್ಗದ ಪಕ್ಕದಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಸತ್ಯಾ ಅಳುತ್ತ ರಜೆ ಕೇಳಿದಳು. ಮಯಿಲ್‌ಸಾಮಿ ಇಲ್ಲ ಅನ್ನಲಿಲ್ಲ. "ಎಲ್ಲ ಮುಗಿಸಿಕೊಂಡೇ ಬಾ ಅಮ್ಮಿಣಿ. ಆದರೆ ಅದು ನಿನ್ನ ಕೇಳ್ತಾ ನಿಂತುಕೊಂಡರೆ ಇಲ್ಲಿ ಕೆಲಸ ಯಾರು ನೋಡೋದು? ಆ ಕೇಳೋದನ್ನ ತೆಗೆದುಬಿಟ್ಟು ಹೋಗು." ಮಾವನ ಹೆಣ ಅಂಗಳದಲ್ಲಿತ್ತು, ವಾದ ಮಾಡುವ ಹೊತ್ತಲ್ಲ. ಕಣ್ಣು ಒರೆಸಿಕೊಂಡು ತಡೆ ತೆಗೆದಳು, ಏಜೆಂಟನ್ನು ಓಡಲು ಬಿಟ್ಟಳು, ಓಡೋಡಿ ಹೋದಳು.

ಆ ಬೀದಿಯಲ್ಲಿ ಒಂದು ಕಟ್ಟಳೆಯಿದೆ. ಸಾವಾದ ಮನೆಯಲ್ಲಿ ಕರುಮಾದಿ ಅನ್ನುವ ಉತ್ತರಕ್ರಿಯೆ ಕಳೆಯುವ ತನಕ ಮಗ್ಗದ ಮಾತು ಎತ್ತಬಾರದು. ಮನೆಯವರು ಫೋನು ಮುಟ್ಟುವುದಿಲ್ಲ, ಧಣಿಗೆ ಹೇಳಿಕಳಿಸುವುದೂ ಇಲ್ಲ. ಸುದ್ದಿ ತಾನಾಗಿ ಮುಟ್ಟುತ್ತದೆ, ಅವರ ಪಾವು ಗೋದಾಮಿನಲ್ಲಿ ಕಾಯುತ್ತದೆ. ಯಾರೂ ಬರೆದಿಟ್ಟದ್ದಲ್ಲ, ಬರೆಯಬೇಕೆಂದು ಯಾರಿಗೂ ಹೊಳೆದದ್ದೂ ಅಲ್ಲ. ಮಯಿಲ್‌ಸಾಮಿಯೂ ಬಂದ, ಹಾರ ಹಾಕಿದ, ಸ್ವಲ್ಪ ಹೊತ್ತು ಕೈಕಟ್ಟಿ ನಿಂತು ಹೋದ. ಸತ್ಯಾ ಅತ್ತೆಯ ಬೆನ್ನು ಸವರುತ್ತ ಕೂತಳು. ಕಟ್ಟಳೆಯನ್ನು ಎಷ್ಟು ಚೆನ್ನಾಗಿ ಪಾಲಿಸಿದಳೆಂದರೆ, ಮಗ್ಗ, ಪಾವು, ಆಫೀಸು ಯಾವುದೂ ಅವಳ ನೆನಪಿಗೂ ಬರಲಿಲ್ಲ.

ಕರುಮಾದಿಯ ಮರುದಿನ ಮಾರಿಮುತ್ತುವಿನ ಫೋನು ಆನ್ ಮಾಡಿದರು. ಏಜೆಂಟಿನ ಸಂದೇಶಗಳು ಒಂದರ ಹಿಂದೊಂದು ಬಂದು ಬಿದ್ದವು. ಬಟ್ಟೆ ಎಂದು ಕೊಡುತ್ತೀರಿ, ದಯವಿಟ್ಟು ತಿಳಿಸಿ. ಮತ್ತೆ ಅದೇ. ಕೊನೆಯದು: ತಮ್ಮಿಂದ ಉತ್ತರ ಬಾರದ ಕಾರಣ ತಮ್ಮ ಪಾವನ್ನು ಬೇರೆಯವರಿಗೆ ಕೊಡಲಾಗಿದೆ, ಶುಭ ದಿನ. ಕೆಳಗೆ ಕೈಮುಗಿದ ಚಿತ್ರ. ಮರ್ಯಾದೆಯಾಗಿ ಮಾತಾಡು ಅಂತ ಅದಕ್ಕೆ ಕಲಿಸಿದವಳು ಸತ್ಯಾಳೇ.

ಅವಳು ಆಫೀಸಿಗೆ ಓಡಿದಳು. ಪಾವು ಆಗಲೇ ಇನ್ನೊಂದು ಮನೆಯ ಮಗ್ಗಕ್ಕೆ ಏರಿ, ಎಳೆಗಳನ್ನೆಲ್ಲ ಗಂಟು ಹಾಕಿ ನೇಯ್ಗೆ ಶುರುವಾಗಿತ್ತು. ಏರಿದ ಪಾವನ್ನು ಯಾರೂ ಇಳಿಸುವುದಿಲ್ಲ. ಸತ್ಯಾ ಏಜೆಂಟಿನ ಸೂಚನೆಯೊಳಗೆ ಒಂದು ಸಾಲು ಸೇರಿಸಿದಳು: ಸಾವಾದ ಮನೆಯನ್ನು ಕೇಳಬೇಡ, ಅವರ ಪಾವು ಮುಟ್ಟಬೇಡ, ಮೊದಲ ಸರದಿ ಅವರಿಗೇ ಕೊಡು. ಸೇರಿಸಿ ಮಯಿಲ್‌ಸಾಮಿಗೆ ತೋರಿಸಿದಳು.

ಅವನು ಓದಿ ನಕ್ಕ. "ಇದು ಗೊತ್ತಾದರೆ ತಿಂಗಳಿಗೊಂದು ಸಲ ಅಜ್ಜಿ ಸಾಯ್ತಾಳೆ ಎಲ್ಲರ ಮನೇಲೂ. ತೆಗಿ ಅದನ್ನ."

"ಅಣ್ಣ, ನೀವೇ ಬಂದು ಹಾರ ಹಾಕಿದಿರಿ."

"ಹಾಕಿದೆ. ಮನುಷ್ಯ ಅಂದ ಮೇಲೆ ಹಾಕಬೇಕು. ಆದರೆ ಇಷ್ಟು ವರ್ಷ ಅವರಿವರ ಮುಖ ನೋಡಿಯೇ ನನ್ನ ಗೋದಾಮಿನಲ್ಲಿ ಪಾವು ಕೊಳೆತದ್ದು. ಇದಕ್ಕೆ ಮುಖ ಗೊತ್ತಿಲ್ಲ, ಅದೇ ಚೆನ್ನಾಗಿದೆ. ತಿರುಪ್ಪೂರಿನಲ್ಲಿ ನನ್ನ ಭಾವನಿಗೂ ಒಂದು ಬೇಕಂತೆ, ನೀನೇ ಹೋಗಿ ಮಾಡಿಕೊಡು. ಇನ್ನು ಫೋನು ಹಿಡಿದು ಕೂರೋ ಕೆಲಸ ನಿನಗಿಲ್ಲ."

ಸತ್ಯಾಳ ಮೈ ಉರಿಯಿತು. ಬಾಯಿಗೆ ಬಂದದ್ದನ್ನು ಅಂದು ಎದ್ದು ಹೋಗಬಹುದಿತ್ತು. ಆದರೆ ಮಗ್ಗ ನಿಂತ ಮನೆಗೆ ಇನ್ನು ಅವಳ ಸಂಬಳವೊಂದೇ ಗತಿ. ಅವನು ಹಿಂದೆ ನಿಂತು ನೋಡುತ್ತಿರುವಂತೆಯೇ ಆ ಸಾಲನ್ನು ಅಳಿಸಿದಳು.

ಸಂಜೆ ರುಕ್ಮಣಿ ಅತ್ತೆ ಕಾಪಿ ಕೊಟ್ಟು ಎದುರಿಗೆ ಕೂತಳು. ಬೊಟ್ಟಿಲ್ಲದ ಹಣೆ ನೋಡಲು ಸತ್ಯಾಳಿಂದ ಆಗಲಿಲ್ಲ.

"ಆ ಮಿಷಿನ್ ಮ್ಯಾಲೆ ಕೋಪ ಇಲ್ಲ ಕಣ್ಣು," ಅಂದಳು ಅತ್ತೆ. "ನಮ್ಮನೇಲಿ ಸಾವು ಆದದ್ದು ಅದಕ್ಕೆ ಎಂಗೆ ಗೊತ್ತಾಗ್ತದೆ? ಯಾರಾದ್ರೂ ಹೇಳಿದ್ರೆತಾನೆ. ನೀನು ಹೇಳಿದ್ರೆ ಅದು ಕೇಳ್ತದಲ್ಲ, ಸೊಲ್ಪ ಹೇಳು. ಮುಂದಿನ ಪಾವು ನಮ್ಗೆ ಅಂತ."



"ಹೇಳಿದೀನಿ ಅತ್ತೆ," ಅಂದಳು ಸತ್ಯಾ.

ಅತ್ತೆಯ ಮುಖ ಗೆಲುವಾಯಿತು. ಗಂಡ ಹೋದ ಮೇಲೆ ಮೊದಲ ಸಲ ಪೊರಕೆ ಹಿಡಿದುಕೊಂಡು, ಪಾವಿಗೆ ಜಾಗ ಮಾಡಲು ಮಗ್ಗದ ಕೋಣೆಗೆ ಹೋದಳು.