ಎದೆ ಎರಡನೇ ಸಲ ತೆರೆದ ಮೇಲೆ

ಇದು ಆಗುವುದೇ ಇಲ್ಲ ಎಂದವಳು ನನ್ನ ಸೋದರತ್ತೆ. "ಒಮ್ಮೆ ಕೊಯ್ದ ಎದಿ ಮತ್ತ ಕೊಯ್ಯಾಕ ಬರ್ತದೇನು? ಕೊಯ್ದ್ರ ಉಳಿಯಂಗಿಲ್ಲ," ಎಂದು ಕೆ.ಆರ್. ಪುರದ ನಮ್ಮ ಬಾಡಿಗೆ ಕೋಣೆಯ ಹೊಸ್ತಿಲ ಮೇಲೆ ಕೂತು ಹೇಳಿದಳು.

ಮೊದಲ ಸಲ ಕೊಯ್ದಾಗ ನಾನು ಪಿಯುಸಿ. ಹೃದಯದಿಂದ ಮೇಲೇಳುವ ದೊಡ್ಡ ರಕ್ತನಾಳ, ಮಹಾಪಧಮನಿ, ಊದಿಕೊಂಡಿತ್ತು. ಆ ಭಾಗ ತೆಗೆದು ಬಟ್ಟೆಯ ನಳಿಕೆ ಕೂರಿಸಿದ್ದರು. ಇನ್ನು ಇವಳ ಓದು ಮುಗೀತು ಎಂದು ಅತ್ತೆ ಆಗಲೂ ಅಂದಿದ್ದಳು. ನಾನು ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಮರ್ಫಿ ಟೌನ್‌ನ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಮನೆಯಲ್ಲಿ ತಮಿಳು, ಉರ್ದು ಆಡುವ ಮಕ್ಕಳು. ಅವರಿಗೆ ಕನ್ನಡ ಅಂದರೆ ನನ್ನ ಬಾಯಿ. ಅಷ್ಟರಲ್ಲಿ ವರ್ಷದ ತಪಾಸಣೆಯ ಸ್ಕ್ಯಾನ್‌ನಲ್ಲಿ, ಹಳೆಯ ನಳಿಕೆ ಮುಗಿದು ನಾಳ ಬಾಗುವ ಕಡೆ ಮತ್ತೆ ಊತ ಕಂಡಿತು. ಅಂದಿನಿಂದ ಒಂದು ಕಡೆ ಕೂರಲಾಗಲಿಲ್ಲ. ಬಸ್ಸು ಹಂಪ್ ಹಾರಿದರೆ ಕೈ ಎದೆಗೆ ಹೋಗುತ್ತಿತ್ತು. ಕೆಮ್ಮು ಬಂದರೆ ನುಂಗುತ್ತಿದ್ದೆ.

ಸರ್ಜನ್ ಏನನ್ನೂ ಮುಚ್ಚಿಡಲಿಲ್ಲ. ಹಳೆಯ ಗಾಯ ಮಾಗುವಾಗ ಹೃದಯ, ನಾಳ ಎಲ್ಲ ಎದೆಮೂಳೆಯ ಹಿಂಬದಿಗೆ ಅಂಟಿಕೊಂಡಿರಬಹುದು, ಮೂಳೆ ಕೊಯ್ಯುವಾಗಲೇ ರಕ್ತ ಚಿಮ್ಮಬಹುದು. ಅದಕ್ಕೇ ಮುಂಚೆಯೇ ತೊಡೆಸಂದಿಯ ನಾಳದಿಂದ, ಹೃದಯದ ಕೆಲಸ ಮಾಡುವ ಯಂತ್ರಕ್ಕೆ ಜೋಡಿಸಿಕೊಳ್ಳುತ್ತೇವೆ ಎಂದರು. ಲಕ್ವ ಹೊಡೆಯಬಹುದು, ಕಿಡ್ನಿ ಸೋಲಬಹುದು, ಜೀವವೂ ಹೋಗಬಹುದು. ಮಾಡಿಸದಿದ್ದರೆ ಒಂದು ದಿನ ನಾಳವೇ ಒಡೆಯಬಹುದು. ಎಲ್ಲ ಹೇಳಿ ಮುಗಿಸಿದ ಮೇಲೆ ಇನ್ನೊಂದು ಮಾತು ಸೇರಿಸಿದರು: ದನಿಪೆಟ್ಟಿಗೆಗೆ ಹೋಗುವ ನರ ನಾಳ ಬಾಗುವ ಆ ಜಾಗದ ಅಡಿಯಲ್ಲೇ ಸುತ್ತಿ ಹೋಗುತ್ತದೆ, ಅದಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ಅವ್ವ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಜೀವ ಉಳಿದರೆ ಸಾಕು ಅಂದಳು. ನನಗೆ ಅಷ್ಟು ಸಾಕಾಗಿರಲಿಲ್ಲ.

ಜೀವ ಉಳಿಯಿತು. ಗಂಟಲ ಕೊಳವೆ ತೆಗೆದ ಮೇಲೆ ನೀರು ಕೇಳಿದೆ. ಬರೀ ಗಾಳಿ ಬಂತು. ಕೊಟ್ಟ ನೀರು ನೆತ್ತಿಗೇರಿತು. ಎಡಗಡೆಯ ಸ್ವರತಂತು ಅಲ್ಲಾಡುತ್ತಿಲ್ಲ, ದನಿ ಬರಬಹುದು, ಬರದೆಯೂ ಇರಬಹುದು ಎಂದರು. ಮೂಳೆ ಕೂಡುವ ತನಕ ಮಗ್ಗುಲಾಗುವಂತಿಲ್ಲ, ರೇಗಿದರೆ ಕೂಗಿಕೊಳ್ಳುವಂತೆಯೂ ಇಲ್ಲ. ಶಾಲೆಯಿಂದ ಮುಖ್ಯೋಪಾಧ್ಯಾಯಿನಿ ಹೇಳಿ ಕಳಿಸಿದರು: ಬೇಸಿಗೆ ರಜೆ ಮುಗಿಯುವವರೆಗೆ ಕಾಯುತ್ತೇನೆ, ಆದರೆ ಫಿಟ್‌ನೆಸ್ ಸರ್ಟಿಫಿಕೇಟ್ ಒಂದೇ ಸಾಲದು, ತರಗತಿಗೆ ಕೇಳುವ ದನಿಯೂ ಬೇಕು.

ಆಸ್ಪತ್ರೆಯಲ್ಲಿ ದನಿಯ ಅಭ್ಯಾಸ ಹೇಳಿಕೊಟ್ಟರು. ದಿನಾ ಮನೆಯಲ್ಲಿ ಅದನ್ನು ಮುಗಿಸಿ, ಓಣಿಯಲ್ಲಿ ನಿಂತು ನನ್ನ ತರಗತಿಯ ಮಕ್ಕಳ ಹಾಜರಿ ಕೂಗುತ್ತಿದ್ದೆ. ಅತ್ತೆ ನಲ್ಲಿಯ ಹತ್ತಿರ ಪಾತ್ರೆ ತಿಕ್ಕುತ್ತ ಕೂರುವಳು. ಹೆಸರು ಕಿವಿಗೆ ಬಿದ್ದರೆ "ಹಾಜರ್" ಎನ್ನುವಳು. ಬೀಳದಿದ್ದರೆ ತಲೆಯೇ ಎತ್ತಳು. ಸುಳ್ಳು ಹಾಜರಿ ಒಮ್ಮೆಯೂ ಕೊಡಲಿಲ್ಲ. ಅಲ್ಲಿಗೆ ಕೇಳತೊಡಗಿದ ಮೇಲೆ ಪಾತ್ರೆ ಎತ್ತಿಕೊಂಡು ಇನ್ನಷ್ಟು ದೂರ ಹೋಗಿ ಕೂತಳು.

"ಅತ್ತಿ, ನಿನಗ ಕಿವಿ ಮಂದ," ಎಂದು ಪಿಸುಗುಟ್ಟಿ ರೇಗಿದೆ.

ನನ್ನ ತುಟಿ ನೋಡಿಯೇ ಅರ್ಥ ಮಾಡಿಕೊಂಡಳು. "ನಿನ್ನ ಹುಡುಗ್ರದೂ ಮಂದ ಇರ್ತಾವ. ಕೂಗು."

ಶಾಲೆ ತೆರೆಯುವ ಹೊತ್ತಿಗೆ ದನಿ ಬಂದಿತ್ತು. ಹಳೆಯದಲ್ಲ, ಒರಟು, ಸಂಜೆಯಾದರೆ ಕುಸಿಯುವಂಥದ್ದು. ಭಾರ ಎತ್ತಬಾರದು, ಬದುಕಿರುವವರೆಗೆ ವರ್ಷಕ್ಕೊಮ್ಮೆ ಸ್ಕ್ಯಾನ್ ತಪ್ಪಿಸಬಾರದು ಎಂದು ಬರೆದು ಡಾಕ್ಟರು ಸರ್ಟಿಫಿಕೇಟ್ ಕೊಟ್ಟರು. ಬೇಡವೆಂದರೂ ಅತ್ತೆ ಶಾಲೆಗೆ ಜೊತೆಯಲ್ಲೇ ಬಂದಳು.

ಸರ್ಟಿಫಿಕೇಟನ್ನು ಮುಖ್ಯೋಪಾಧ್ಯಾಯಿನಿಯ ಕೈಗಿತ್ತೆ. ಅವರು ಓದಿ ಮೇಜಿನ ಮೇಲಿಟ್ಟು, "ಎಲ್ಲಾ ಸರಿ ಮೇಡಂ, ಕೊನೇ ಬೆಂಚಿಗೆ ಕೇಳ್ಸುತ್ತಾ?" ಎಂದರು.

ನಾನು ಬಾಯಿ ತೆರೆಯುವ ಮುಂಚೆ ಬಾಗಿಲ ಹೊರಗಿನಿಂದ ಅತ್ತೆ ಹೇಳಿದಳು: "ಓಣಿ ಕೊನೀತನ ಕೇಳಸ್ತದ್ರೀ. ನಾ ಕುಂತು ಕೇಳೀನಿ."